ಒಂದು ಹಿಡಿ ಅಕ್ಕಿಯ ಉಳಿತಾಯ

ನಮ್ಮ ಮನೆಯಲ್ಲಿ ಉಳಿತಾಯ ಅನ್ನುವುದು ಅತ್ತೆಯ ಖಾತೆ. ಸವೆದು ಬಿಲ್ಲೆಯಾದ ಸೋಪನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುವವರು ಅವರು. ಹಾಲಿನ ಪ್ಯಾಕೆಟ್ಟು ಖಾಲಿಯಾದ ಮೇಲೆ ಅದರೊಳಗೆ ಅರ್ಧ ಲೋಟ ನೀರು ಹಾಕಿ ಕುಲುಕಿ, ಆ ನೀರನ್ನೂ ಕಾಫಿಗೆ ಸುರಿಯುವವರು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಇದೆಲ್ಲ ಜಿಪುಣತನ ಅನ್ನಿಸುತ್ತಿತ್ತು. ಮಗಳು ಹುಟ್ಟಿದ ಮೇಲೆ ನಾನೇ ಅವರ ಶಿಷ್ಯೆಯಾದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ನಮ್ಮ ಹಾಸಿಗೆಯಿಂದ ಇಬ್ಬರ ಕಾಲು ಆಗಲೇ ಹೊರಗಿದ್ದವು. ಈಗ ನಡುವೆ ಮೂರನೆಯದೊಂದು ಬಂದು ಮಲಗಿ, ಇದ್ದ ಹಾಸಿಗೆಯನ್ನೂ ಒದ್ದೆ ಮಾಡತೊಡಗಿತು.

ನಾವಿರುವುದು ದೊಡ್ಡಮಳೂರಿನಲ್ಲಿ. ಮಕ್ಕಳಾಗಲಿ ಎಂದು ಎಲ್ಲೆಲ್ಲಿಂದಲೋ ಜನ ಬಂದು ಇಲ್ಲಿನ ಅಂಬೆಗಾಲು ಕೃಷ್ಣನಿಗೆ ಹರಕೆ ಹೊತ್ತು, ಮರದ ಪುಟ್ಟ ತೊಟ್ಟಿಲು ಒಪ್ಪಿಸಿ ಹೋಗುತ್ತಾರೆ. ನಾವು ಹರಕೆಯ ಮಾತೆತ್ತುವ ಮೊದಲೇ ಮಗು ಬಂತು. "ಅಕ್ಕಪಕ್ಕದೋರು ಅಂತ ದ್ಯಾವ್ರು ಕೇಳ್ದೆನೇ ಕೊಟ್ಬುಟ್ಟ, ತೊಟ್ಲು ಕರ್ಚೂ ಉಳೀತು" ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕಬಾರದು, ಚೆನ್ನಾಗಿ ಬೆಳೆದ ಬೇರೆ ಮಗುವಿನ ಹಳೇ ಬಟ್ಟೆಯನ್ನೇ ಮೊದಲು ಹಾಕಬೇಕು ಅನ್ನುವುದು ನಮ್ಮ ಕಡೆಯ ಪದ್ಧತಿ. ಬೇರೆಯವರು ಅದನ್ನು ನಾಮಕರಣಕ್ಕೆ ಮುಗಿಸುತ್ತಾರೆ. ಅತ್ತೆ ಆರು ತಿಂಗಳಾದರೂ ಬಿಡಲಿಲ್ಲ. ಬೀದಿಯ ಮಕ್ಕಳ ಅಂಗಿಗಳೆಲ್ಲ ಸರದಿಯ ಮೇಲೆ ನಮ್ಮ ಹಗ್ಗದಲ್ಲಿ ಒಣಗಿದವು. ತೀರಿಕೊಂಡ ಮಾವನ ಪಂಚೆಗಳು ಹರಿದು ಲಂಗೋಟಿಗಳಾದವು. ಡೈಪರ್ ಅನ್ನುವುದು ಕನಕಪುರದಾಚೆ ದೊಡ್ಡಆಲಹಳ್ಳಿಯ ನನ್ನ ತವರಿಗೆ ಬಸ್ಸಿನಲ್ಲಿ ಹೋಗುವ ದಿನಕ್ಕೆ ಮಾತ್ರ. ಅದನ್ನು ತೊಡಿಸುವಾಗ ಅತ್ತೆ, "ಒಸಿ ತಡ್ಕಂಡಿರು ಮಗ, ದುಬಾರಿ ಚಡ್ಡಿ ಅದು" ಎಂದು ಮಗುವಿಗೇ ಬುದ್ಧಿ ಹೇಳುತ್ತಿದ್ದರು.

ನಮ್ಮ ಯಜಮಾನರು ಲಗೇಜ್ ಆಟೊ ಓಡಿಸುತ್ತಾರೆ. ಎಳನೀರು, ರೇಷ್ಮೆಗೂಡು, ಮನೆ ಬದಲಿಸುವವರ ಮಂಚ ಬೀರು, ಏನಾದರೂ ಸರಿ. ಬಾಡಿಗೆ ಸಿಕ್ಕ ದಿನ ಹಬ್ಬ, ಸಿಗದ ದಿನ ಏಕಾದಶಿ. ಮಗು ಹುಟ್ಟುವ ಮೊದಲು ನಾನು ಚನ್ನಪಟ್ಟಣದ ಒಂದು ಬೊಂಬೆ ಯೂನಿಟ್ಟಿನಲ್ಲಿ ಲೇತಿಗೆ ಕೂರುತ್ತಿದ್ದೆ. ಗಿರಗಿರ ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುವುದು, ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ತರುವುದು ನನ್ನ ಕೆಲಸ. ಹೆಚ್ಚಾಗಿ ಮಾಡುತ್ತಿದ್ದದ್ದು ಮಕ್ಕಳ ಗಿಲಕಿ. ನನ್ನ ಸಂಬಳದಿಂದಲೇ ದಿನಸಿ ಬರುತ್ತಿತ್ತು ಅನ್ನುವುದು ಒಂದು ಮಾತು. ಲೇತಿನ ಮುಂದೆ ಕೂತಾಗ ನನಗೆ ನಾನೇ ಇಷ್ಟವಾಗುತ್ತಿದ್ದೆ ಅನ್ನುವುದು ಅದಕ್ಕಿಂತ ದೊಡ್ಡ ಮಾತು, ಆದರೆ ಅದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಯೂನಿಟ್ಟಿನ ಓನರ್ ಸಾಬರು ಮಗು ನೋಡಲು ಬಂದವರು, ಬಣ್ಣ ಕೊಂಚ ಕೆಟ್ಟ ಸೆಕೆಂಡ್ಸ್ ಗಿಲಕಿಗಳನ್ನು ಒಂದು ಚೀಲದ ತುಂಬ ತಂದುಕೊಟ್ಟರು. ಹೋಗುವಾಗ ಬಾಗಿಲಲ್ಲಿ ನಿಂತು, "ಯುಗಾದಿ ತನಕ ನಿನ್ ಲೇತಿಗೆ ಯಾರ್ನೂ ಕೂರ್ಸಲ್ಲಮ್ಮ. ಆಮೇಲೆ ಆರ್ಡರ್ ಜಾಸ್ತಿ ಐತೆ. ನೀನ್ ಬರ್ದಿದ್ರೆ ಬೇರೆಯೋರ್ನ ಹಾಕ್ಬೇಕಾಯ್ತದೆ, ಬೇಜಾರ್ ಮಾಡ್ಕೋಬೇಡ" ಅಂದರು. ಬೇಜಾರು ಮಾಡಿಕೊಳ್ಳುವ ಮಾತಲ್ಲ ಅದು. ಅಷ್ಟು ದಿನ ಜಾಗ ಖಾಲಿ ಇಡುವವರೇ ಕಡಿಮೆ.

ಯುಗಾದಿಗೆ ಮಗಳಿಗೆ ಏಳು ತಿಂಗಳು ತುಂಬುತ್ತಿತ್ತು. ಹಗಲು ನೋಡಿಕೊಳ್ಳಲು ಅತ್ತೆ ಇದ್ದರು. ಬೆಳಿಗ್ಗೆ, ಸಂಜೆ ನನ್ನ ಹಾಲು. ಮಧ್ಯಾಹ್ನಕ್ಕೆ ರಾಗಿ ಸರಿ. ಮೊಳಕೆ ಕಟ್ಟಿ ಒಣಗಿಸಿದ ರಾಗಿಯ ಹಿಟ್ಟನ್ನು ನೀರಿನಲ್ಲಿ ತಿರುವಿ ಬೇಯಿಸಿ, ಒಂದು ಚೂರು ಬೆಲ್ಲ, ಒಂದು ಹನಿ ತುಪ್ಪ ಹಾಕಿದರೆ ಆಯಿತು. ನಮ್ಮ ಸೀಮೆಯ ಮಕ್ಕಳೆಲ್ಲ ಅದನ್ನೇ ತಿಂದು ಎದ್ದವರು. ಮಗು ಅತ್ತೆಯ ಕೈಯಿಂದ ಅದನ್ನು ತಿಂದರೆ ನಾನು ಲೇತಿಗೆ. ತಿನ್ನದಿದ್ದರೆ ಲೇತು ಇನ್ನೊಬ್ಬರಿಗೆ.

ಹಿಟ್ಟು ಮಾಡಿಸುವ ಹೊಣೆಯನ್ನು ಅತ್ತೆಯೇ ಹೊತ್ತರು. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಘಮ ಬರುವಂತೆ ಹುರಿದರು. ಚನ್ನಪಟ್ಟಣದ ಮಿಲ್ಲಿಗೆ ತಾವೇ ಹೋದರು. ಹೇಗೂ ಹೋಗುತ್ತೇನಲ್ಲ, ಎರಡೆರಡು ಸಲ ಯಾಕೆ ಕಾಲು ಸವೆಸಬೇಕು ಎಂದು ಮನೆಯ ಖಾರದ ಪುಡಿಗೆ ಹುರಿದಿಟ್ಟಿದ್ದ ಮೆಣಸಿನಕಾಯಿ, ಕೊತ್ತಂಬರಿ ಬೀಜವನ್ನೂ ಚೀಲಕ್ಕೆ ಹಾಕಿಕೊಂಡರು. ಸಂಜೆ ಬಂದು ರಾಗಿ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಡಬ್ಬಕ್ಕೆ ತುಂಬಿದರು. "ಹಿಟ್ಟು ತಿಂದೋನು ಬೆಟ್ಟ ಕಿತ್ತಿಟ್ಟ ಅಂತಾರೆ. ನೋಡ್ತಿರು, ಯುಗಾದಿ ಒಳ್ಗೆ ನಿನ್ ಮಗ್ಳು ರಾಮದೇವ್ರ ಬೆಟ್ಟನೇ ಕೀಳ್ತಾಳೆ" ಅಂದರು.

ಮಗಳು ಮೊದಲ ಚಮಚಕ್ಕೇ ಮುಖ ಕಿವುಚಿದಳು. ಎರಡನೆಯದನ್ನು ಅತ್ತೆಯ ಸೀರೆಯ ಮೇಲೆ ಉಗಿದಳು. ಮೂರನೆಯದಕ್ಕೆ ಬೀದಿಯ ಕೊನೆಯವರೆಗೆ ಕೇಳುವಂತೆ ಅತ್ತಳು. ಮೊದಲ ದಿನ ಎಲ್ಲ ಮಕ್ಕಳೂ ಹಾಗೇ ಎಂದು ಸಮಾಧಾನ ಮಾಡಿಕೊಂಡೆವು. ಮರುದಿನವೂ ಅದೇ ಕತೆ. ಹಲ್ಲು ಬರುತ್ತಿದೆ ಅಂದರು ಪಕ್ಕದ ಮನೆಯವರು. ಅತ್ತೆ ದೃಷ್ಟಿ ತೆಗೆದರು, ಉಪ್ಪು ಮೆಣಸಿನಕಾಯಿ ಒಲೆಯಲ್ಲಿ ಚಟಪಟ ಅಂದಿತು, ಮಗಳ ಬಾಯಿ ಮಾತ್ರ ತೆರೆಯಲಿಲ್ಲ. ಬೆಲ್ಲ ಹೆಚ್ಚು ಮಾಡಿದೆವು, ತೆಳ್ಳಗೆ ಮಾಡಿದೆವು, ಆಟೊದ ಹಾರನ್ ಹೊಡೆದು ತೋರಿಸುತ್ತ ತಿನ್ನಿಸಲು ನೋಡಿದೆವು. ಹಾರನ್ ಅವಳಿಗೆ ಇಷ್ಟವಾಯಿತು.

ಸರಿಯನ್ನು ನಮ್ಮಲ್ಲಿ ಯಾರೂ ಬಾಯಿಗೆ ಹಾಕಿ ನೋಡಲಿಲ್ಲ. ಮಗುವಿನ ಪಾಲನ್ನು ದೊಡ್ಡವರು ತಿಂದರೆ ಮಗುವಿನ ಮೈಗೆ ಹತ್ತುವುದಿಲ್ಲ ಅನ್ನುವುದು ಅತ್ತೆಯ ಕಟ್ಟಪ್ಪಣೆ. ಅದೂ ಅಲ್ಲದೆ, ಅಷ್ಟು ಕಷ್ಟಪಟ್ಟು ಮಾಡಿದ ಹಿಟ್ಟು, ಒಂದು ಚಮಚ ವ್ಯರ್ಥ ಮಾಡಲು ನನಗೂ ಮನಸ್ಸು ಬರುತ್ತಿರಲಿಲ್ಲ. ಬಟ್ಟಲಲ್ಲಿ ಉಳಿದದ್ದು ಕೋಳಿಗಳಿಗೆ ಹೋಗುತ್ತಿತ್ತು. ಅವು ಮಾತ್ರ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದು ನಿಂತು, ಚಪ್ಪರಿಸಿ ತಿಂದು ದಿನೇ ದಿನೇ ದಪ್ಪವಾದವು.

ಫೋನಿನಲ್ಲಿ ವಿಷಯ ತಿಳಿದ ನನ್ನ ಅಮ್ಮ, "ಅಂಗ್ಡಿಲಿ ಮಕ್ಳಿಗೆ ಅಂತ ಡಬ್ಬದ್ ಹಿಟ್ಟು ಸಿಕ್ತದಲ್ಲ, ಅದ್ನೊಂದ್ಸಲ ಕೊಟ್ ನೋಡು" ಅಂದರು. ಯಜಮಾನರು ಚಿಕ್ಕದೊಂದು ಡಬ್ಬ ತಂದರು. ಮಗಳು ಚಮಚವನ್ನೂ ನುಂಗುವಂತೆ ತಿಂದಳು! ಅತ್ತೆಗೆ ಆದ ಅವಮಾನ ಅಷ್ಟಿಷ್ಟಲ್ಲ. "ರಾಗಿ ಒಲ್ಲೆ ಅನ್ನೋಳು ನಮ್ಮನೆ ಕೂಸಾ ಇದು? ಆಸ್ಪತ್ರೇಲಿ ಬದ್ಲಾಯ್ತೋ ಏನೋ" ಎಂದು ಮಗುವಿನ ಮೂಗು ಹಿಡಿದು ನೋಡಿದರು. ಮೂಗು ಅವರದ್ದೇ ಆಗಿತ್ತು, ವಾದಿಸಲು ಜಾಗವಿರಲಿಲ್ಲ. ನನಗೆ ಮಾತ್ರ ನಗು ಬರಲಿಲ್ಲ. ಆ ಡಬ್ಬ ಕಣ್ಣೆದುರಿಗೇ ತಳ ಕಂಡಿತು. ಹೀಗೆ ಡಬ್ಬದ ಮೇಲೆ ಡಬ್ಬ ತಂದರೆ ನಾನು ದುಡಿದದ್ದೆಲ್ಲ ಅಂಗಡಿಗೆ. ಅದಕ್ಕಿಂತ ಮನೆಯಲ್ಲೇ ಇರುವುದು ವಾಸಿ ಎಂದು ಯಾರಾದರೂ ಹೇಳುವ ಮೊದಲೇ ನನಗೆ ನಾನೇ ಹೇಳಿಕೊಂಡೆ, ಹೇಳಿಕೊಂಡು ಬಚ್ಚಲಲ್ಲಿ ಕೂತು ಕಣ್ಣೀರು ಹಾಕಿದೆ. ಯುಗಾದಿಗೆ ಒಂದೇ ವಾರ ಉಳಿದಿತ್ತು.

ಮರುದಿನ ಮಧ್ಯಾಹ್ನ ಯಜಮಾನರು ಮಾಗಡಿಗೆ ಬಾಡಿಗೆ ಹೊಡೆದು ಹಸಿದು ಬಂದರು. ಮುದ್ದೆ ಇನ್ನೂ ಒಲೆಯ ಮೇಲಿತ್ತು. ಜಗಲಿಯ ಮೇಲೆ ಕೋಳಿಗಳಿಗೆಂದು ಇಟ್ಟಿದ್ದ ಸರಿಯ ಬಟ್ಟಲು ಕಂಡಿತು. ಕಟ್ಟಪ್ಪಣೆಯೂ ಇಲ್ಲ ಗಿಟ್ಟಪ್ಪಣೆಯೂ ಇಲ್ಲ, ಬೆರಳಲ್ಲಿ ಬಳಿದು ಬಾಯಿಗೆ ಹಾಕಿಕೊಂಡರು. ಇನ್ನೊಮ್ಮೆ ಬಳಿದು ನೆಕ್ಕಿದವರು, "ಅವ್ವೋ! ಇದೇನವ್ವ, ಎಳೆ ಮಗೀಗೆ ಖಾರ ತಿನ್ನಿಸ್ತಿದ್ದೀರಲ್ಲ!" ಎಂದು ಕೂಗಿದರು.

ನಾನು ಓಡಿ ಬಂದು ನೆಕ್ಕಿ ನೋಡಿದೆ. ಮೊದಲು ಬೆಲ್ಲ, ಆಮೇಲೆ ರಾಗಿ, ಎಲ್ಲ ಮುಗಿದ ಮೇಲೆ ನಾಲಿಗೆಯ ತುದಿಯಲ್ಲಿ ಚುರುಚುರು. ನಮಗೆ ಅದು ಲೆಕ್ಕಕ್ಕಿಲ್ಲದ ಖಾರ, ಅವಳ ಎಳೆ ನಾಲಿಗೆಗೆ ಬೆಂಕಿ. ಅತ್ತೆಯೂ ಬಂದು ನೆಕ್ಕಿದರು. ನೆಕ್ಕಿದವರು ಜಗಲಿಯ ಮೇಲೆ ಹಾಗೇ ಕುಕ್ಕರಿಸಿದರು.

"ಮಿಲ್ನೋನು ಸಣ್ ಮಿಷನ್ನಲ್ಲಿ ಮೊದ್ಲು ಖಾರದ್ಪುಡಿ ಬುಟ್ಟಿದ್ದ ಕಣವ್ವ" ಅಂದರು ನೆಲ ನೋಡುತ್ತ. "ಮಗೀನ ಹಿಟ್ಟಲ್ವಾ, ಮಿಷನ್ ತೊಳ್ಯಾಕೆ ಒಂದಿಡಿ ಅಕ್ಕಿ ಕೊಡವ್ವ ಅಂದ. ಮಿಷನ್ ತೊಳ್ಯಾದು ನಿನ್ ಕೆಲ್ಸ, ನಾನ್ಯಾಕ್ ಅಕ್ಕಿ ಕೊಡ್ಲಿ ಅಂದ್ಬುಟ್ಟೆ. ಅಂಗೇ ಬುಡು ಅಂದೆ."

ಮಿಲ್ಲಿಗೆ ಹೋಗುವವರಿಗೆಲ್ಲ ಗೊತ್ತಿರುವ ಮಾತು ಅದು. ಖಾರ ಬೀಸಿದ ಮಿಷನ್ನಿಗೆ ಒಂದು ಹಿಡಿ ಅಕ್ಕಿ ಬಿಟ್ಟು, ಆ ಪುಡಿಯನ್ನು ಚೆಲ್ಲಿ, ಆಮೇಲೆ ಬೇರೆಯದನ್ನು ಹಾಕಿಸಬೇಕು. ಅತ್ತೆಗೆ ಗೊತ್ತಿರಲಿಲ್ಲವೆಂದಲ್ಲ. ಅಕ್ಕಿ ಚೆಲ್ಲಲು ಕೈ ಬರಲಿಲ್ಲ, ಅಷ್ಟೆ.

ನಾನು ಬಟ್ಟಲನ್ನು ಜಗಲಿಯ ಮೇಲೆ ಕುಕ್ಕಿದೆ. "ಒಂದು ಹಿಡಿ ಅಕ್ಕಿ ಉಳಿಸಾಕೋಗಿ ನನ್ ಕೆಲ್ಸನೇ ಕಳೀತಿದ್ರಲ್ಲ ಅತ್ತೆ! ಪಾಪ ಆ ಕೂಸು ಉರಿ ಉರಿ ಅಂತ ಅಳ್ತಿದ್ರೆ ದೃಷ್ಟಿ ಅಂತ ಇನ್ನೊಂದ್ ಮೆಣ್ಸಿನ್ಕಾಯಿ ಸುಟ್ರಲ್ಲ!" ಎಂದು ಕಿರುಚಿದೆ. ಮೆಣಸಿನಕಾಯಿಯ ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಕೇಳಿಸಿತು. ಯಜಮಾನರು ಮೊದಲು ನಕ್ಕರು. ಆಮೇಲೆ ನನಗೂ ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ. ಎದ್ದು ಒಳಗೆ ಹೋಗಿ ರಾಗಿ ನೆನೆಹಾಕಿದರು.

ಈ ಸಲ ಮಿಲ್ಲಿನ ಸಹವಾಸವೇ ಬೇಡವೆಂದರು. ಹಿತ್ತಿಲಲ್ಲಿ ಕೋಳಿಗೂಡಿನ ಬಾಗಿಲಿಗೆ ಒರಗಿಸಿದ್ದ ಬೀಸುವ ಕಲ್ಲನ್ನು ಮಗನ ಕೈಯಲ್ಲಿ ಹೊರಿಸಿ ತಂದು, ಉಜ್ಜಿ ತೊಳೆದು ಒಣಗಿಸಿದರು. ಮೊದಲು ಒಂದಲ್ಲ, ಎರಡು ಹಿಡಿ ಅಕ್ಕಿ ಬೀಸಿದರು, ನಮಗೆ ಕಾಣುವ ಹಾಗೆ ಬೀದಿಗೆ ಚೆಲ್ಲಿದರು. ಆಮೇಲೆ ರಾಗಿ. ಕಲ್ಲಿನ ಸದ್ದಿಗೆ ಮಗಳು ಹೊಟ್ಟೆಯ ಮೇಲೆ ತೆವಳುತ್ತ ಹತ್ತಿರ ಬಂದು, ಅಜ್ಜಿಯ ತೊಡೆಗೆ ಮುಖವಿಟ್ಟು ನಿದ್ದೆ ಹೋದಳು. ಹಿಟ್ಟಾದ ಮೇಲೆ ಎಲ್ಲರೂ ರುಚಿ ನೋಡಬೇಕು ಎಂಬ ಹೊಸ ಅಪ್ಪಣೆ ಹೊರಟಿತು. ಹಳೇ ಹಿಟ್ಟೂ ದಂಡವಾಗಲಿಲ್ಲ. ನಾವು ಈರುಳ್ಳಿ ಹಾಕಿ ರೊಟ್ಟಿ ತಟ್ಟಿ ತಿಂದು ಮುಗಿಸಿದೆವು, ಖಾರ ಹಾಕುವ ಖರ್ಚೂ ಉಳಿಯಿತು.

ಆದರೆ ಮಗಳು ಮರೆತಿರಲಿಲ್ಲ. ಚಮಚದಲ್ಲಿ ರಾಗಿಯ ಬಣ್ಣ ಕಂಡರೆ ಸಾಕು, ತುಟಿ ಬಿಗಿಹಿಡಿದು ಮುಖ ತಿರುಗಿಸುತ್ತಿದ್ದಳು. ಯುಗಾದಿಯ ಹಿಂದಿನ ದಿನವೂ ಹಾಗೇ, ಹೋಳಿಗೆ ತಟ್ಟುತ್ತಿದ್ದ ದಿನವೂ ಹಾಗೇ. ಹಬ್ಬದ ಸಂಜೆ ಸಾಬರಿಗೆ ಫೋನ್ ಮಾಡಿ ನಾಳೆ ಬರುತ್ತೇನೆ ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ ನನಗೆ ಇವತ್ತಿಗೂ ತಿಳಿಯದು. ಅತ್ತೆ ಹಿಟ್ಟಿನ ಡಬ್ಬವನ್ನು ಒಲೆಯ ಪಕ್ಕಕ್ಕೆ ತಂದಿಟ್ಟರು.

ಬೆಳಿಗ್ಗೆ ನಾನು ಹಾಲು ಕುಡಿಸಿ, ಸೀರೆ ಉಟ್ಟು, ಡಬ್ಬಿ ಕಟ್ಟಿಕೊಂಡು ಹೊರಬರುವ ಹೊತ್ತಿಗೆ ಅತ್ತೆ ಜಗಲಿಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಮಧ್ಯಾಹ್ನದ ತನಕ ಕಾಯದೆ ಆಗಲೇ ಮಾಡಿಟ್ಟ ಸರಿಯ ಬಟ್ಟಲು ಪಕ್ಕದಲ್ಲಿತ್ತು. ಚಮಚವಿರಲಿಲ್ಲ. ತೋರುಬೆರಳನ್ನು ಸರಿಯಲ್ಲಿ ಅದ್ದಿ, ಮೊದಲು ತಾವೇ ಚಪ್ಪರಿಸಿದರು, "ಹಾ, ಸೀ ಐತೆ" ಅಂದರು. ಮತ್ತೆ ಇನ್ನೊಂದು ಬೆರಳು ಅದ್ದಿ ಅವಳ ತುಟಿಗೆ ಸವರಿದರು, ಅಷ್ಟೆ, ಬಾಯಿಗೆ ತುರುಕಲಿಲ್ಲ. ಮಗಳು ಬಹಳ ಹೊತ್ತು ಯೋಚಿಸಿದಳು. ನಾಲಿಗೆ ಹೊರಬಂತು. ತುಟಿ ನೆಕ್ಕಿತು. ನಾನು ಚಪ್ಪಲಿ ಮೆಟ್ಟಿದ ಕಾಲನ್ನು ಎತ್ತದೆ ನಿಂತಿದ್ದೆ. ಅವಳು ಅಜ್ಜಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬೆರಳನ್ನು ಬಾಯಿಗೆ ಎಳೆದುಕೊಂಡಳು.

ಆಮೇಲೆ ನಿಲ್ಲಲಿಲ್ಲ. ಗುಬ್ಬಿ ಮರಿಯ ಹಾಗೆ ಬಾಯಿ ತೆರೆದು ತೆರೆದು ತಿಂದಳು. ನನಗೆ ಕುಣಿಯಬೇಕು ಅನ್ನಿಸಿತು. "ಬತ್ತೀನಿ ಮಗ" ಅಂದೆ. ಅವಳು ತಿರುಗಲಿಲ್ಲ. ಕೈ ತಟ್ಟಿದೆ, ಹೆಸರು ಹಿಡಿದು ಕರೆದೆ. ನನ್ನ ದನಿ ಕೇಳಿದರೆ ಕತ್ತು ಉದ್ದ ಮಾಡಿ ಹುಡುಕುತ್ತಿದ್ದವಳು, ನನ್ನ ಕಡೆ ಬೆನ್ನು ಹಾಕಿ ಕೂತು, ಬಟ್ಟಲನ್ನೇ ನೋಡುತ್ತಿದ್ದಳು. ಅತ್ತೆ ತಲೆ ಎತ್ತಿ ನನ್ನ ಮುಖ ನೋಡಿದರು. "ವೋಗವ್ವ, ಬಸ್ಸು ವೊಂಟೋಯ್ತದೆ. ಉಣ್ಣೋ ಕೂಸ್ನ ಕರೀಬಾರ್ದು" ಎಂದು ಮೆಲ್ಲಗೆ ಹೇಳಿದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಇಷ್ಟು ದಿನ ಬೇಡಿಕೊಂಡದ್ದೇ ಆಗಿತ್ತು. ನನಗೆ ಸಂತೋಷವಾಗಿತ್ತು, ನಿಜವಾಗಿಯೂ ಆಗಿತ್ತು, ಆದರೂ ಕಣ್ಣಿಂದ ನೀರು ಒಂದೇ ಸಮ ಇಳಿಯುತ್ತಿತ್ತು. ಹೆಂಗಸರ ಫ್ರೀ ಟಿಕೆಟ್ಟು ಹರಿಯಲು ಬಂದ ಕಂಡಕ್ಟರ್, ಆಧಾರ್ ಕಾರ್ಡು ನೋಡಿದವರು ನನ್ನ ಮುಖವನ್ನೂ ನೋಡಿ, "ಯಾಕಮ್ಮ, ಮನೇಲಿ ಏನಾದ್ರೂ ತೊಂದ್ರೆನಾ?" ಎಂದು ಕೇಳಿದರು.

"ಇಲ್ಲ ಸಾರ್," ಅಂದೆ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. "ನನ್ ಮಗ್ಳು ಹೊಟ್ಟೆ ತುಂಬ ಊಟ ಮಾಡುದ್ಲು."