ಸೋಡಾ ಅಂಗಡಿಯ ಲವಂಗ

ಚೌಕಾಶಿಗೆ ಇಳಿಯುವ ಮೊದಲು ಬಾಯಿಗೊಂದು ಕವಳ ಹಾಕಿಕೊಳ್ಳಬೇಕು ಎಂಬುದು ನಾನು ಯಾರಿಗೆ ಬೇಕಾದರೂ ಪುಕ್ಕಟೆಯಾಗಿ ಕೊಡುವ ಸಲಹೆ. ಎಲೆ, ಅಡಿಕೆ, ಸುಣ್ಣಗಳಿಂದ ಬಾಯಿ ತುಂಬಿರುವಾಗ ನೀವು ಮೊದಲು ಬೆಲೆ ಹೇಳುವ ಪ್ರಮಾದ ಸಂಭವಿಸದು. ಎದುರಿನವನು ನಿಮ್ಮ ಮೌನವನ್ನು ಅಸಮ್ಮತಿಯೆಂದು ಭಾವಿಸಿ ತಾನಾಗಿಯೇ ಇಳಿಯುತ್ತ ಬರುತ್ತಾನೆ. ಕೆಡವಿದ ಮನೆಗಳ ಕಂಬ, ಬಾಗಿಲು, ತೊಲೆಗಳನ್ನು ಕೊಂಡು ಮಾರುವ ನನ್ನ ವ್ಯಾಪಾರ ಶಿರಸಿಯಿಂದ ಸಿದ್ದಾಪುರ, ಯಲ್ಲಾಪುರಗಳವರೆಗೆ ಹಬ್ಬಿದ್ದು ಬುದ್ಧಿಬಲದಿಂದಲ್ಲ, ಕವಳದ ಬಲದಿಂದ. ಹಾಗಾಗಿ ಕವಳದ ವಿಷಯದಲ್ಲಿ ನನಗೆ ತಿಳಿಯದ್ದು ಯಾವುದೂ ಇಲ್ಲವೆಂಬ ಅಹಂಕಾರ ಬಹುಕಾಲ ನನ್ನಲ್ಲಿತ್ತು. ಕಳೆದ ತಿಂಗಳು, ಹಾಡುಹಗಲಲ್ಲಿ, ಗೃಹಸ್ಥರೊಬ್ಬರ ಜಗುಲಿಯ ಮೇಲೆ ಅದು ಪುಡಿಪುಡಿಯಾಯಿತು. ಆ ಆಘಾತದಿಂದ ನಾನಿನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ.

ಇದರ ಮೂಲ ಇರುವುದು ಶಿರಸಿ ಪೇಟೆಯ ಒಂದು ಬಾರಿನಲ್ಲಿ. ಆಗ ಅದನ್ನು ಬಾರ್ ಎಂದು ಕರೆದವರನ್ನು ಮಾತ್ರ ನಾನು ಕಂಡಿಲ್ಲ. ಕುಮಟೆಯಿಂದ ಘಟ್ಟ ಹತ್ತಿ ಬಂದ ವೆಂಕಟೇಶ ಮಾಮ ಅಲ್ಲಿ ಮೊದಲು ಗೋಲಿ ಸೋಡಾ ಮಾರುತ್ತಿದ್ದನಂತೆ. ಸೋಡಾದ ಜೊತೆಗೆ ಬೇರೊಂದು ದ್ರವವೂ ಕಪಾಟು ಸೇರಿದ ಮೇಲೆ ಹೊರಗಿನ ಫಲಕವನ್ನು ಬದಲಿಸುವ ಗೋಜಿಗೆ ಅವನು ಹೋಗಲಿಲ್ಲ. ಇದರಿಂದ ಊರಿಗೆ ಮಹದುಪಕಾರವಾಯಿತು. “ಹೊಟ್ಟೆ ಉಬ್ಬರ, ಒಂದು ಸೋಡಾ ಕುಡ್ಕಂಡು ಬತ್ತೆ” ಎಂದು ಹೇಳಿ ಯಾರು ಬೇಕಾದರೂ ಸಂಜೆ ಮನೆಯಿಂದ ಹೊರಬೀಳಬಹುದಾಗಿತ್ತು. ಊರಿಗೆ ಊರೇ ಅಜೀರ್ಣದಿಂದ ನರಳುತ್ತಿದ್ದ ಕಾಲ ಅದು.

ಮಾಮನ ನಂತರ ಅಂಗಡಿ ಹಿಡಿದವನು ದಾಸನಕೊಪ್ಪದ ಬಸಣ್ಣ. “ಬರ್ರಿ, ಕುಂದರ್ರಿ, ಈಗರ ಬಂದೀರಿ, ಆಗ್ಲೇ ಹೊಂಟ್ರ್ಯಾ?” ಎಂಬ ಅವನ ಉಪಚಾರಕ್ಕೆ ಸಿಕ್ಕಿದವನು ಏಳುವುದು ದುಸ್ತರವಾಗಿತ್ತು. ಆ ವಿನಯವೇ ಅವನಿಗೆ ಮುಳುವಾಯಿತು. ಗಿರಾಕಿಗಳ ಒತ್ತಾಯಕ್ಕೆ ಇಲ್ಲವೆನ್ನಲಾರದೆ ಎಲ್ಲರ ಜೊತೆಗೂ ಒಂದೊಂದು ಗುಟುಕು ಹಾಕುತ್ತ ಹೋಗಿ, ಕೊನೆಗೆ ತನ್ನ ಅಂಗಡಿಗೆ ತಾನೇ ಮುಖ್ಯ ಗಿರಾಕಿಯಾಗಿಬಿಟ್ಟ.

ಮೂರನೆಯವನು ಕೋಲಸಿರ್ಸಿಯ ನಾರಾಯಣ. ಗದ್ದೆ ಕೆಲಸ ಬಿಟ್ಟು ಬಂದವನು, ಸ್ವತಃ ಹನಿ ಮುಟ್ಟದವನು. ಆ ವಾಸನೆ ಬಂದರೆ ಮೂಗಿಗೆ ಪಂಚೆಯ ತುದಿ ಒತ್ತಿಕೊಳ್ಳುತ್ತಿದ್ದ. ಅವನು ಒಂದು ಹೊಸ ಪದ್ಧತಿ ತಂದ: ಕವಳ ಹಾಕದೆ ಯಾರೂ ಅಂಗಡಿಯ ಹೊಸ್ತಿಲು ದಾಟಿ ಮನೆಗೆ ಹೋಗಕೂಡದು. ಒಳಕೋಣೆಯಲ್ಲಿ ಕೂತು ಅವನ ಹೆಂಡತಿ ಸಾವಿತ್ರಕ್ಕ ಎಲೆ ಮಡಚಿ, ಬಿಚ್ಚದಂತೆ ಲವಂಗ ಚುಚ್ಚಿ ಕಳಿಸುತ್ತಿದ್ದಳು. ಬಾಯಿವಾಸನೆ ಅಡಗಿಸುವ ಈ ಉಪಾಯಕ್ಕೆ ನಾವೆಲ್ಲ ತಲೆದೂಗಿದ್ದೆವು. ಕೆಲವರಿಗೆ ಲವಂಗದ ಬದಲು ಪಚ್ಚಕರ್ಪೂರ ಹಾಕಿದ ಕವಳ ಸಿಗುತ್ತಿತ್ತು. ವ್ಯಾಪಾರ ಕುದುರಿಸಿದ ಖುಷಿಯಲ್ಲಿ ತುಸು ಹೆಚ್ಚು ಹೊತ್ತು ಕೂತ ದಿನಗಳಲ್ಲಿ ನನಗೂ ಅದು ದೊರೆತಿದೆ. ಗಣ್ಯರಿಗೆ ಮೀಸಲಾದ ಗೌರವವೆಂದೇ ತಿಳಿದು ಎದೆಯುಬ್ಬಿಸಿ ಮನೆಗೆ ಹೋಗಿದ್ದೇನೆ.

ನಾರಾಯಣ ತೀರಿಕೊಂಡ ಮೇಲೆ ಕೆಲಕಾಲ ಸಾವಿತ್ರಕ್ಕನೇ ಅಂಗಡಿ ನಡೆಸಿದಳು. ಆಮೇಲೆ ಕಟ್ಟಡವನ್ನು ಅದರ ವಾರಸುದಾರರು ಮಾರಿದರು. ಬಾಗಿಲುವಾಡವೊಂದರ ಬೆನ್ನು ಹತ್ತಿ ನಾನು ಯಲ್ಲಾಪುರಕ್ಕೆ ಹೋಗಿ ಮರಳುವಷ್ಟರಲ್ಲಿ ಸೋಡಾ ಅಂಗಡಿಯ ಜಾಗದಲ್ಲಿ ಬರೀ ಆಕಾಶವಿತ್ತು. ನನ್ನ ಕಣ್ಣಿದ್ದ ಹಲಸಿನ ತೊಲೆಗಳು ಬೇರೊಬ್ಬನ ಲಾರಿ ಹತ್ತಿದ್ದವು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಮರುಗಿದೆನೆಂದು ಕೇಳಬೇಡಿ. ಈಗ ಅಲ್ಲಿ ಗಾಜಿನ ಗೋಡೆಯ ಮೊಬೈಲ್ ಅಂಗಡಿ ಇದೆ.

ಕಳೆದ ತಿಂಗಳು ಸಾವಿತ್ರಕ್ಕ ನನ್ನನ್ನು ಹುಡುಕಿಕೊಂಡು ಬಂದಳು.

“ಅಣ್ಣಾ, ಖಾನಾವಳಿ ಹಾಕ್ಬೇಕು ಅಂತ ಮಾಡಿದೆ. ಬಾರ್ ನಡೆಸಿದವಳು ಅಂತ ಯಾರೂ ಜಾಗ ಕೊಡೂದಿಲ್ಲ. ಮಾಸ್ತರ ಮನೆ ಪಕ್ಕದ ಕೋಣೆ ಒಂದೇ ಉಳ್ದಿದ್ದು. ಅದೂ ಸಿಗ್ಲಿಲ್ಲ ಅಂದ್ರೆ ಗಂಟು ಕಟ್ಟಿ ತಮ್ಮನ ಮನೆ ಸೇರೂದೇ. ಅಲ್ಲಿ ನಂಗೆ ಒಂದು ಚಾಪೆಯಷ್ಟು ಜಾಗವೂ ಇಲ್ಲ. ನೀವೊಂದು ಮಾತಾಡಿ.”

ದಾರಿಯುದ್ದಕ್ಕೂ ಅವಳಿಗೆ ಉಪದೇಶಿಸಿದೆ: ನಗಬೇಡ, ಅವಸರ ತೋರಿಸಬೇಡ, ಸೋಡಾದ ಹೆಸರೆತ್ತಬೇಡ, ಮಾತು ನನಗೆ ಬಿಡು.

ನಿವೃತ್ತರಾದ ಮಾಸ್ತರರು ಜಗುಲಿಯ ಮೇಲೆ ಕೂರಿಸಿ ಕವಳದ ತಬಕು ಮುಂದಿಟ್ಟರು. ನಮ್ಮ ಕಡೆ ಬಂದವರಿಗೆ ತಬಕು ಕೊಡುವುದು ವಾಡಿಕೆ, ಅವರವರ ಕವಳವನ್ನು ಅವರವರೇ ಮಾಡಿಕೊಳ್ಳಬೇಕು. ನಾನು ಎಲೆ ಒರೆಸುತ್ತಿದ್ದಂತೆ ಅವರು ಆರಂಭಿಸಿದರು.

“ಸಾವಿತ್ರಿ ಮೇಲೆ ಯಂಗೆ ಎಂತದೂ ಇಲ್ಲೆ. ಆದ್ರೆ ಜನ ಎಂತ ಹೇಳ್ತ? ಅಂಥ ಅಂಗಡಿ ನೆರಳೂ ಈ ಮನೆಗೆ ಬಿದ್ದಿದ್ದಿಲ್ಲೆ.”

ಪ್ರತಿ ಶನಿವಾರ ನನ್ನ ಪಕ್ಕದ ಬೆಂಚಿನಲ್ಲಿ ಕೂತು ಅಜೀರ್ಣಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಮಹನೀಯರು ಇವರು. ಹಾಗೆಂದು ಹೇಳಿದರೆ ನಾನೂ ಅಲ್ಲಿದ್ದೆನೆಂದು ಒಪ್ಪಿಕೊಂಡಂತಾಗುತ್ತಿತ್ತು. ಸುಮ್ಮನೆ ಸುಣ್ಣ ಹಚ್ಚಿದೆ.

ಅಷ್ಟರಲ್ಲಿ ಮಾಸ್ತರರ ಹೆಂಡತಿ ಭಾಗೀರಥಕ್ಕ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

“ನೆರಳು ಬೀಳದ್ದು ಹೌದಾದ್ರೆ, ಶನಿವಾರ ಶನಿವಾರ ಲವಂಗದ ಪರಿಮಳ ಎಲ್ಲಿಂದ ಬತ್ತಿತ್ತು?”

“ಎಂತ ಲವಂಗ?” ಎಂದರು ಮಾಸ್ತರರು.

“ನಾನೂ ಅದನ್ನೇ ಕೇಳ್ತಾ ಇದ್ದಿ. ಈ ತಬಕಲ್ಲಿ ಲವಂಗ ಯಾವತ್ತಾದ್ರೂ ಇತ್ತಾ?”

ನನ್ನ ಕೈಯಲ್ಲಿದ್ದ ಎಲೆ ಕೆಳಗೆ ಬಿತ್ತು. ಶಿರಸಿ ಸೀಮೆಯ ಯಾವ ಮನೆಯ ತಬಕಿನಲ್ಲೂ ಲವಂಗ ಇರುವುದಿಲ್ಲ. ಮಡಚಿ ಲವಂಗ ಚುಚ್ಚಿದ ಕವಳವನ್ನು ಯಾರೂ ಕೊಡುವುದೂ ಇಲ್ಲ. ವಾಸನೆ ಅಡಗಿತೆಂದು ಬೀಗುತ್ತಿದ್ದ ನಾವು ಅಷ್ಟೂ ವರ್ಷ ಡಂಗುರ ಸಾರಿಕೊಂಡೇ ಮನೆ ಸೇರಿದ್ದೆವು!

ನನ್ನ ಉಪದೇಶವನ್ನೆಲ್ಲ ಗಾಳಿಗೆ ತೂರಿ ಸಾವಿತ್ರಕ್ಕ ನಕ್ಕಳು.

“ಗೊತ್ತಾಗ್ಲಿ ಅಂತ್ಲೇ ಚುಚ್ತಿದ್ದೆ ಮಾಸ್ತರೇ. ಸಂತೆಯಲ್ಲಿ ಸಿಕ್ಕಿದಾಗ ಎಲ್ಲಾ ಹೆಂಗಸ್ರಿಗೂ ಹೇಳಿಟ್ಟಿದ್ದೆ. ಲವಂಗ ಅಂದ್ರೆ ಸ್ವಲ್ಪ ಆಗಿದೆ, ಊಟ ಹಾಕಿ ಮಲಗ್ಸಿ. ಕರ್ಪೂರ ಅಂದ್ರೆ ಮಿತಿ ಮೀರಿದೆ. ಅವತ್ತು ಎಂತದೂ ಕೇಳ್ಬೇಡಿ, ಮಕ್ಕಳನ್ನ ಕರ್ಕೊಂಡು ಒಳಗೆ ಹೋಗಿ ಚಿಲಕ ಹಾಕ್ಕೊಳ್ಳಿ.”

ಕರ್ಪೂರ ಗಣ್ಯರಿಗೆ ಮೀಸಲಾಗಿತ್ತಂತೆ! ಕೆಲವು ಸಂಜೆ ನನ್ನ ಹೆಂಡತಿ ಒಂದು ಮಾತೂ ಆಡದೆ ಊಟ ಬಡಿಸಿಟ್ಟು ಮಕ್ಕಳೊಡನೆ ಕೋಣೆ ಸೇರುತ್ತಿದ್ದಳು. ವ್ಯಾಪಾರಿಯ ದಣಿವನ್ನು ಅರಿತ ಸಾಧ್ವಿಯೆಂದು ನಾನು ನಾಲ್ಕು ಜನರೆದುರು ಅವಳನ್ನು ಹೊಗಳಿದ್ದೂ ಉಂಟು.

ಭಾಗೀರಥಕ್ಕ ಮಾತ್ರ ನಗಲಿಲ್ಲ. “ಆ ಕರ್ಪೂರ ಇಲ್ದಿದ್ರೆ ಎಷ್ಟು ಮನೆಯಲ್ಲಿ ಎಂತೆಂತ ಆಗ್ತಿತ್ತೇನ. ಈ ಮನೆಯಲ್ಲೂ ಆಗ್ತಿತ್ತು” ಎಂದರು. ಮಾಸ್ತರರು ಅಂಗಳದ ಕಡೆ ಮುಖ ತಿರುಗಿಸಿದರು. ಕುಡಿಸುತ್ತಿದ್ದ ಅಂಗಡಿಯ ಒಳಕೋಣೆಯಲ್ಲೇ ಒಬ್ಬಳು ಕೂತು ನಮ್ಮ ಹೆಂಡಿರು ಮಕ್ಕಳನ್ನು ನಮ್ಮಿಂದ ಕಾಯುತ್ತಿದ್ದಳೆಂಬುದು ಹೊಳೆದಾಗ ನನಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಭಾಗೀರಥಕ್ಕ ಮೊಳೆಯಿಂದ ಬೀಗದಕೈ ತೆಗೆದು ಸಾವಿತ್ರಕ್ಕನ ಕೈಯಲ್ಲಿಟ್ಟರು. “ಬಾರೇ ಒಳಗೆ. ಬಾಡಿಗೆ ಮಾತು ನಾವು ಆಡ್ಕಳ್ಳಾಣ. ಗಂಡಸ್ರು ಇಲ್ಲೇ ಕೂತ್ಕಳ್ಲಿ.”

ಕೂತೆವು. ಮಾಸ್ತರರು ತಬಕನ್ನು ಮತ್ತೆ ನನ್ನ ಕಡೆಗೆ ಸರಿಸಿದರು.

ಮರಳುವ ದಾರಿಯಲ್ಲಿ, ಸೋತರೂ ಸಲಹೆ ಬಿಡದ ನನ್ನ ಸ್ವಭಾವ ಮತ್ತೆ ತಲೆಯೆತ್ತಿತು. “ಅಡುಗೆಗೆ ನೀನೊಬ್ಬಳೇ ಸಾಕಾಗೂದಿಲ್ಲ ಸಾವಿತ್ರಿ. ಯಾರನ್ನಾದ್ರೂ ಹುಡುಕ್ತೆ, ಮಾತುಕತೆ ನಾನೇ ಮುಗಿಸ್ತೆ” ಎಂದೆ.

“ಬೇಡ ಅಣ್ಣಾ, ಸಿಕ್ಕಿದ್ದಾರೆ. ನಿಮ್ಮನೆ ಅಕ್ಕನೇ. ಬೆಳಿಗ್ಗೆ ದೋಸೆ ಅವರದ್ದು, ಮಧ್ಯಾಹ್ನದ ಊಟ ನಂದು.”

“ನನ್ನ ಹೆಂಡ್ತಿಯಾ? ನಂಗೆ ಹೇಳ್ಲೇ ಇಲ್ಲ!”

“ಕೋಣೆ ಸಿಗೂವರೆಗೆ ಹೇಳ್ಬೇಡ ಅಂದಿದ್ರು. ಗೊತ್ತಾದ್ರೆ ನೀವು ಪಾಲೆಷ್ಟು ಅಂತ ಚೌಕಾಶಿ ಶುರು ಮಾಡ್ತೀರಿ ಅಂತ.”

ಪೇಟೆಯ ನಡುರಸ್ತೆಯಲ್ಲಿ ನಿಂತುಬಿಟ್ಟೆ. ನಿಜ ಹೇಳುತ್ತೇನೆ, ಪಾಲೆಷ್ಟು ಎಂಬ ಮಾತು ಆಗಲೇ ನನ್ನ ನಾಲಿಗೆಯ ತುದಿಗೆ ಬಂದಿತ್ತು.