ಒಂದು ಬೋಗುಣಿ ಹೂರಣ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಬಿಳ್ಯಾ ಎಂಬ ಎತ್ತಿತ್ತು. ಅದರ ಮೇಲೆ ನನಗೆ ಪ್ರಾಣ. ಆ ಪ್ರೀತಿಯಲ್ಲೇ ಒಂದು ಸಲ ಅದರ ಜೀವಕ್ಕೆ ಸಂಚಕಾರ ತಂದಿದ್ದೆ.

ಅಂದು ಕಾರಹುಣ್ಣಿಮೆ. ನಮ್ಮೂರಿನಲ್ಲಿ ಅದು ಎತ್ತುಗಳ ಹಬ್ಬ. ಅಪ್ಪ ಬಿಳ್ಯಾನ ಮೈ ತೊಳೆದು, ಕೋಡಿಗೆ ಕೆಂಪು ಬಣ್ಣ ಬಳಿದು, ಕೋಡುಬಳೆ ಪೋಣಿಸಿದ. ಅವ್ವ ಆರತಿ ಬೆಳಗಿ ಒಂದು ಹೋಳಿಗೆ ತಿನ್ನಿಸಿದಳು. ವರ್ಷವಿಡೀ ದುಡಿದ ಎತ್ತಿಗೆ ಬರೀ ಒಂದು ಹೋಳಿಗೆಯೇ? ನನಗೆ ಸಿಟ್ಟು ಬಂತು. ಸಂಜೆ ಎಲ್ಲರೂ ಎತ್ತುಗಳ ಓಟ ನೋಡಲು ಹೋದಾಗ, ಉಳಿದಿದ್ದ ಒಂದು ಬೋಗುಣಿ ಹೂರಣವನ್ನು ಕೊಟ್ಟಿಗೆಗೆ ಹೊತ್ತೊಯ್ದೆ. ಬೆಲ್ಲ, ಏಲಕ್ಕಿಯ ವಾಸನೆಗೆ ಬಿಳ್ಯಾ ಮೂಗರಳಿಸಿತು. ಅದರ ಒರಟು ನಾಲಿಗೆ ಅಂಗೈಗೆ ಕಚಗುಳಿಯಿಡುತ್ತಿದ್ದರೆ ನಾನು ಕಿಲಕಿಲ ನಗುತ್ತಿದ್ದೆ. ಬೋಗುಣಿ ಖಾಲಿಯಾಯಿತು.

ಬೆಳಗಾದರೆ ಬಿಳ್ಯಾ ಮೆಲುಕು ಹಾಕುತ್ತಿಲ್ಲ. ಎಡಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಅಪ್ಪ ಹಗ್ಗ ಬಿಚ್ಚಿದ. ಅಕ್ಕ, ನಾನು ಹಿಂದೆ ಹೊರಟೆವು. ಅಣ್ಣಿಗೇರಿಯ ದನದ ದವಾಖಾನೆ ಎರಡು ಮೈಲಿ ದೂರ. ಮಳೆಗೆ ನೆಂದ ಎರೆಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತಿತ್ತು. ಹೇಳಿಬಿಡೋಣ ಎಂದು ನಾಲ್ಕು ಸಲ ಬಾಯಿ ತೆರೆದೆ. ಅಪ್ಪನ ಮುಖ ನೋಡಿ ನಾಲ್ಕು ಸಲವೂ ಮುಚ್ಚಿಕೊಂಡೆ.

ದವಾಖಾನೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಕುಂಟುವ ಆಡು, ಕೆಮ್ಮುವ ಎಮ್ಮೆ, ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡ ಒಬ್ಬ ಮುದುಕಿ ಕಾಯುತ್ತಿದ್ದರು. ಎಲ್ಲೆಲ್ಲೂ ಫಿನಾಯಿಲಿನ ವಾಸನೆ. ಡಾಕ್ಟರು ಬಿಳ್ಯಾನ ಹೊಟ್ಟೆಗೆ ನಳಿಗೆ ಹಚ್ಚಿ ಕೇಳಿ, "ನಿನ್ನಿ ಏನ್ ತಿಂದೈತಿ?" ಎಂದರು.

"ಹಬ್ಬದ್ದೊಂದು ಹೋಳಿಗಿ, ಅಷ್ಟರಿ," ಎಂದ ಅಪ್ಪ.

"ಒಂದ್ ಹೋಳಿಗಿಗೆ ಇಷ್ಟ್ ಉಬ್ಬೂದಿಲ್ಲ. ಖರೇ ಹೇಳ್ರಿ, ಇಲ್ಲಾಂದ್ರ ಎತ್ತು ಉಳ್ಯೂದಿಲ್ಲ."

ನಾನು ಕಣ್ಣು ಮುಚ್ಚಿ ಹೇಳಿಯೇ ಬಿಟ್ಟೆ: "ನಾನು ಒಂದ್ ಬೋಗುಣಿ ಹೂರಣ ಹಾಕೇನ್ರಿ!"

ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಅಕ್ಕ ನೆಲ ನೋಡುತ್ತಿದ್ದಳು. "ನಾನೂ ನಾಕ್ ಹೋಳಿಗಿ ಕೊಟ್ಟೇನ್ರಿ," ಎಂದಳು. ಅಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ. "ಒಂದ್ ಮೊರ ಜ್ವಾಳ ನಾನೂ ಸುರುವಿದ್ನಿರಿ. ಪಾಪ, ದುಡಿಯೂ ಎತ್ತು..."

"ಮತ್ಯಾರರ ಉಳದಾರೇನ್ರಿ?" ಎಂದು ಡಾಕ್ಟರು ನಕ್ಕೇಬಿಟ್ಟರು. ಕೋಳಿಯ ಮುದುಕಿಯೂ ಬಾಯಿಗೆ ಸೆರಗು ಹಿಡಿದಳು.

ಬಿದಿರಿನ ಗೊಟ್ಟದಲ್ಲಿ ಸೋಡಾ ಕಲಸಿದ ನೀರು ತುಂಬಿ ಬಿಳ್ಯಾನ ಗಂಟಲಿಗೆ ನಿಧಾನವಾಗಿ ಇಳಿಸಿದರು. ಆಮೇಲೆ ಔಷಧದ ಎಣ್ಣೆ. ಅಕ್ಕ, ನಾನು ಕೈ ಸೋಲುವ ತನಕ ಹೊಟ್ಟೆ ತಿಕ್ಕಿದೆವು. ಸಗಣಿ ಹಾಕಿದರೆ ಬದುಕಿತು ಎಂದರು ಡಾಕ್ಟರು. ಮಧ್ಯಾಹ್ನವಾಯಿತು. ತಮ್ಮ ಕೆಲಸ ಮುಗಿದಿದ್ದರೂ ಮುದುಕಿ, ಆಡಿನವರು, ಎಮ್ಮೆಯವರು ಯಾರೂ ಮನೆಗೆ ಹೋಗಲಿಲ್ಲ. ಎಲ್ಲರ ಕಣ್ಣೂ ಬಿಳ್ಯಾನ ಬಾಲದ ಮೇಲೆ. ಇಳಿಹೊತ್ತಿಗೆ ಬಿಳ್ಯಾ ದೊಡ್ಡದಾಗಿ ತೇಗಿ, ಬಾಲ ಎತ್ತಿ, ಪಚಕ್ಕನೆ ಸಗಣಿ ಹಾಕಿತು. "ಹಾಕ್ತು! ಹಾಕ್ತು!" ಎಂದು ಅಂಗಳವೆಲ್ಲ ಕೂಗಿತು. ಅಪ್ಪ ನನ್ನನ್ನು ಎತ್ತಿಕೊಂಡು ಕುಣಿದ. ಅಪ್ಪ ಕುಣಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಈಗ ಹೊಲಕ್ಕೆ ಟ್ರ್ಯಾಕ್ಟರ್ ಇದೆ. ಕೊಟ್ಟಿಗೆಯಲ್ಲಿರುವುದು ಒಂದು ಎಮ್ಮೆ ಮಾತ್ರ. ಫೋನ್ ಮಾಡಿದರೆ ದನದ ಡಾಕ್ಟರ ಗಾಡಿ ಬಾಗಿಲಿಗೇ ಬರುತ್ತದೆ. ಮೊನ್ನೆ ಎಮ್ಮೆ ಮೇವು ಬಿಟ್ಟಾಗ ಬಂದ ಡಾಕ್ಟರಮ್ಮ, ಏನು ತಿಂದಿದೆ ಎಂದು ಕೇಳಿದರು. ಅವರ ಮಾತು ಮುಗಿಯುವ ಮೊದಲೇ ನನ್ನ ಮೊಮ್ಮಗಳು, "ಬರ್ತ್‌ಡೇ ಕೇಕ್ ಉಳಿದಿತ್ತಲ್ರಿ, ನಾನ ಹಾಕೇನ್ರಿ ಮೇಡಂ" ಎಂದಳು. ದನಿಯಲ್ಲಿ ಅಂಜಿಕೆಯೇ ಇರಲಿಲ್ಲ. ನನಗೆಷ್ಟು ಖುಷಿಯಾಯಿತೆಂದರೆ ಬೈಯುವುದನ್ನೇ ಮರೆತೆ. ಅಷ್ಟು ಮಾತು ಹೇಳಲು ನನಗೆ ಎರಡು ಮೈಲಿ ಬೇಕಾಗಿತ್ತು.