ಹಾವಸೆಯ ಪಂಡಿತನೂ ಲಕ್ಷ್ಮೇಶ್ವರದ ಬಾವಿಯೂ

ನಿವೃತ್ತಳಾದ ಮರುವರ್ಷ ಗದಗಿನ ಒಂದು ಕಾಲೇಜಿನವರು ಉಪನ್ಯಾಸಕ್ಕೆ ಕರೆದರು. ಸಸ್ಯಶಾಸ್ತ್ರ ಕಲಿಸಿಯೇ ತಲೆ ನೆರೆಸಿಕೊಂಡ ನಾನು, ಹತ್ತೊಂಬತ್ತನೆಯ ಶತಮಾನದ ಒಬ್ಬ ಪರದೇಶದ ಸಸ್ಯವಿಜ್ಞಾನಿಯನ್ನು ಆರಿಸಿಕೊಂಡೆ. ಆ ಮನುಷ್ಯ ಜೀವಮಾನವಿಡೀ ಹಾವಸೆಯೊಂದನ್ನೇ ಅಭ್ಯಾಸ ಮಾಡಿದವನು. ನೀರಿನ ಮೇಲೆ ತೇಲುವ ಪಾಚಿಯಲ್ಲ. ಕಲ್ಲು, ಗೋಡೆಗಳ ಮೇಲೆ ಮಖಮಲ್ಲಿನಂತೆ ಹಬ್ಬುವ ಹಾವಸೆ. ಕಸುಬಿನಿಂದ ಶಾಲಾಮಾಸ್ತರ. ಶಾಲೆಯಿದ್ದಾಗ ಪಾಠ, ರಜೆ ಬಂದರೆ ಬೆಟ್ಟ. ಕಿಸೆಯಲ್ಲಿ ಒಂದು ಭೂತಗನ್ನಡಿ, ಒಂದು ಚಾಕು. ಮಳೆಯಲ್ಲಿ ಬೋರಲಾಗಿ ಮಲಗಿ ಬಂಡೆ ನೋಡುತ್ತಿದ್ದವನನ್ನು, ಯಾರೋ ಬಿದ್ದಿದ್ದಾರೆಂದು ದಾರಿಹೋಕರು ಎತ್ತಲು ಬರುತ್ತಿದ್ದರಂತೆ.

ಬರೀ ಮಾತಾಡಿದರೆ ಹುಡುಗರು ನಿದ್ದೆ ಹೋಗುತ್ತಾರೆ, ಹಾವಸೆಯನ್ನೇ ತೋರಿಸೋಣ ಎಂದು ಹುಡುಕಲು ಹೊರಟೆ. ಮಳೆಗಾಲವಾದರೂ ನಮ್ಮ ಸೀಮೆಯಲ್ಲಿ ಅದೇನು ಸುಲಭವಲ್ಲ. ಶಿರಹಟ್ಟಿಯಲ್ಲಿ ಒಂದು ಹಳೆಯ ಗೋಡೆಯಿದೆ ಎಂದು ಕೇಳಿ ಹೋದರೆ, ಹಿಂದಿನ ದಿನವೇ ಅದಕ್ಕೆ ಸುಣ್ಣ ಬಳಿದಿದ್ದರು. ಮುಂಡರಗಿಯಲ್ಲಿ ನೀರಿನ ಟಾಕಿಯ ಬುಡದಲ್ಲಿ ಹಸಿರು ಕಂಡು ಸ್ಕೂಟರ್ ನಿಲ್ಲಿಸಿದೆವು. ಹತ್ತಿರ ಹೋದರೆ ಪೇಂಟು. ಸ್ಕೂಟರ್ ಓಡಿಸುತ್ತಿದ್ದ ನಮ್ಮ ಯಜಮಾನರು ಗಾಡಿಯನ್ನು ಸೀದಾ ಬೆಟಗೇರಿಯ ಮನೆಯ ಕಡೆ ತಿರುಗಿಸಿದರು.

ಕೊನೆಗೆ ಲಕ್ಷ್ಮೇಶ್ವರದ ಒಂದು ಹಳೆಯ ಮೆಟ್ಟಿಲು ಬಾವಿಯಲ್ಲಿ ಸಿಕ್ಕಿತು. ಮೊಣಕಾಲೂರಿ ಚಾಕುವಿನಿಂದ ಕೆರೆಯುತ್ತಿದ್ದೆ. ಬಾವಿಯನ್ನು ಸ್ವಚ್ಛ ಮಾಡುವ ಹೆಣ್ಣುಮಗಳು ಕಸಬರಿಗೆ ಹಿಡಿದು ಬಂದು ನಿಂತಳು.

"ಅಕ್ಕಾರ, ನನ್ನ ಬಿಡಿಸಿ ನಿಮ್ಮನ್ನ ಕೆಲಸಕ್ಕ ತಗೊಂಡಾರೇನ್ರಿ?"

ಅವಳಿಗೆ ಖರೇನೇ ಹೆದರಿಕೆಯಾಗಿತ್ತು. ಪಕ್ಕದಲ್ಲಿ ಕೂಡಿಸಿಕೊಂಡು ಆ ವಿಜ್ಞಾನಿಯ ಕಥೆಯೆಲ್ಲ ಹೇಳಿದೆ. ಸಿಕ್ಕ ಹಾವಸೆಯನ್ನೆಲ್ಲ ಅವನು ಕಾಗದದ ಪೊಟ್ಟಣ ಕಟ್ಟಿ, ಎಲ್ಲಿ ಸಿಕ್ಕಿತೆಂದು ಬರೆದು ಮನೆ ತುಂಬಿಸಿದ್ದ, ಊಟದ ಮೇಜಿನ ಮೇಲೂ ಪೊಟ್ಟಣಗಳೇ ಎಂದೆ. ಅವಳು ಕಸಬರಿಗೆ ಕೆಳಗಿಟ್ಟಳು.

"ಅಷ್ಟೂ ಕಸಾ ಮನ್ಯಾಗ ತಂದಿಟ್ರ ಅವನ ಹೇಣ್ತಿ ಸುಮ್ನಿದ್ಲೇನ್ರಿ?"

ಮನೆಗೆ ಬಂದು ಅವನ ಚರಿತ್ರೆಯನ್ನು ಮತ್ತೆ ತಿರುವಿ ಹಾಕಿದೆ. ಹೆಂಡತಿಯ ಬಗ್ಗೆ ಇದ್ದದ್ದು ಒಂದೇ ಸಾಲು: ಪೊಟ್ಟಣಗಳ ಮೇಲಿನ ಅಕ್ಷರವೆಲ್ಲ ಆಕೆಯದು. ಎರಡು ಸಲ ಓದಿದ್ದ ಪುಸ್ತಕದಲ್ಲಿ ಆ ಸಾಲು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ನಾಚಿಕೆಯಾಯಿತು. ಬರೆದಿಟ್ಟ ಉಪನ್ಯಾಸ ಹರಿದು ಹಾಕಿ ಹೊಸದಾಗಿ ಬರೆದೆ.

ಉಪನ್ಯಾಸಕ್ಕೆ ಬಾವಿಯ ಆ ಹೆಣ್ಣುಮಗಳನ್ನೂ ಕರೆದಿದ್ದೆ. ಇಳಕಲ್ ಸೀರೆ ಉಟ್ಟು ಬಸ್ಸಿನಲ್ಲಿ ಬಂದವಳು ಸೀದಾ ಮುಂದಿನ ಸಾಲಿಗೆ ಹೋಗಿ ಪ್ರಾಚಾರ್ಯರ ಪಕ್ಕದಲ್ಲಿ ಕೂತಳು. ನಾನು ವಿಜ್ಞಾನಿಯ ಬಗ್ಗೆ ಹೇಳಿದೆ, ಅವನ ಹೆಂಡತಿಯ ಬಗ್ಗೆಯೂ ಗೊತ್ತಿದ್ದಷ್ಟು ಹೇಳಿದೆ. ಬಾವಿಯ ಹಾವಸೆ ಅಷ್ಟರಲ್ಲಿ ಒಣಗಿ, ಕರ್ರಗೆ ಚಹಾಪುಡಿಯಂತಾಗಿತ್ತು. ತಟ್ಟೆಯಲ್ಲಿಟ್ಟು ನೀರು ಹನಿಸಿದೆ. ನೋಡನೋಡುತ್ತ ಎಲೆ ಬಿಚ್ಚಿಕೊಂಡು ಹಸಿರಾಯಿತು. ಹುಡುಗರು ಮೊಬೈಲ್ ಎತ್ತಿದರು. ಅವಳು ಎದ್ದು ಬಂದು ತಟ್ಟೆಯ ಮೇಲೆ ಬಗ್ಗಿದಳು.

"ತಿಕ್ಕಿ ತಿಕ್ಕಿ ನನ್ನ ಕೈ ಸವದಾವ್ರಿ. ಇದು ಸಾಯೂದಽ ಇಲ್ಲಂತ ಮೊದಲಽ ಯಾರರ ಹೇಳಬಾರದೇನು?"

ಸಭೆಯೆಲ್ಲ ನಕ್ಕಿತು, ಪ್ರಾಚಾರ್ಯರೂ ನಕ್ಕರು. ಅವಳು ನಗಲಿಲ್ಲ, ಇಷ್ಟು ವರ್ಷ ಮೋಸಹೋದೆ ಎಂಬ ಸಿಟ್ಟು ಮುಖದಲ್ಲಿತ್ತು.

ಮರುವಾರ ಫೋನ್ ಮಾಡಿದಳು. ಜನ ಓಡಾಡುವ ಮೆಟ್ಟಿಲಷ್ಟೇ ಇನ್ನು ತಿಕ್ಕುವುದಂತೆ, ಗೋಡೆಯನ್ನು ಅದರ ಪಾಡಿಗೆ ಬಿಟ್ಟಿದ್ದಾಳಂತೆ. ಬೇಕಾದಾಗ ಬಂದು ಕೆರಕೊಂಡು ಹೋಗಿರಿ, ಆದರೆ ಚಪ್ಪಲಿ ಮೇಲೇ ಬಿಟ್ಟು ಇಳಿಯಿರಿ ಎಂದು ತಾಕೀತು ಮಾಡಿದಳು.